ಗೆದ್ದವರ ನ್ಯಾಯಪೀಠವೂ ನಮ್ಮ ಪ್ರತಿಭಟನೆಯೂ

ಅಧಿಕಾರದಿಂದ ಇಳಿಸಲ್ಪಟ್ಟ ದೊರೆಯನ್ನು ಅವನನ್ನು ಸೋಲಿಸಿದವರೇ ಕಟಕಟೆಯಲ್ಲಿ ನಿಲ್ಲಿಸಿದ ನಿದರ್ಶನಗಳು ಚರಿತ್ರೆಯಲ್ಲಿ ಹಲವಿವೆ. ಅಂತಹ ವಿಚಾರಣೆ ನಡೆದಾಗ ಅದನ್ನು ಪ್ರತಿಭಟಿಸುವ ಜನರೂ ಇದ್ದೇ ಇರುತ್ತಾರೆ. ಕೆಲವರು ಆರೋಪಿಯ ಮೇಲಿನ ಅಭಿಮಾನದಿಂದ ಬೀದಿಗಿಳಿಯುತ್ತಾರೆ, ಕೆಲವರು ವಿಚಾರಣೆ ನಡೆಸುವವರ ಮೇಲಿನ ಕೋಪದಿಂದ. ನ್ಯಾಯವು ನ್ಯಾಯದ ರೀತಿಯಲ್ಲೇ ನಡೆಯಲಿ ಎಂಬ ಒಂದೇ ಕಾರಣಕ್ಕೆ ದನಿಯೆತ್ತುವವರು ತೀರ ಕಡಿಮೆ. ಸತ್ಯವಿಶ್ವಾಸಿಗಳಾದ ನಾವು ಇವರಲ್ಲಿ ಯಾರ ಸಾಲಿನಲ್ಲಿ ನಿಲ್ಲಬೇಕು ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆ ದೂರದ ದೇಶದ್ದಲ್ಲ. ಇರಾಕಿನ ಮಾಜಿ ಅಧ್ಯಕ್ಷ ಸದ್ದಾಮ್ ಹುಸೇನರನ್ನು ಗಲ್ಲಿಗೇರಿಸಿದ್ದನ್ನು ಪ್ರತಿಭಟಿಸಿ 2007ರ ಜನವರಿಯಲ್ಲಿ ನಮ್ಮ ರಾಜಧಾನಿ ಬೆಂಗಳೂರಿನಲ್ಲೇ ದೊಡ್ಡ ಮೆರವಣಿಗೆ ನಡೆಯಿತು. ಅಂದು ತೊಟ್ಟಿಲಲ್ಲಿದ್ದ ಮಕ್ಕಳು ಇಂದು ಯುವಕರಾಗಿದ್ದಾರೆ. ಮೊಬೈಲಿನಲ್ಲಿ ಹರಿದಾಡುವ ಆ ನೇಣಿನ ದೃಶ್ಯವನ್ನು ಕಂಡು, ಅವರು ಹುತಾತ್ಮರೋ ಅಕ್ರಮಿಯೋ ಎಂದು ಮನೆಯ ಹಿರಿಯರನ್ನು ಕೇಳುತ್ತಾರೆ. ಒಂದೇ ಶಬ್ದದಲ್ಲಿ ಉತ್ತರ ಕೊಟ್ಟರೆ ಮಕ್ಕಳಿಗೆ ಅರ್ಧ ಚರಿತ್ರೆಯನ್ನಷ್ಟೇ ಕೊಟ್ಟಂತಾಗುತ್ತದೆ.

ಬಗ್ದಾದಿನಲ್ಲಿ ನಡೆದುದೇನು?

2003ರ ಮಾರ್ಚ್ 20ರಂದು ಅಮೆರಿಕ ಮತ್ತು ಬ್ರಿಟನ್ನಿನ ಸೇನೆಗಳು ಇರಾಕಿನ ಮೇಲೆ ದಾಳಿ ಆರಂಭಿಸಿದವು. ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಇರಾಕ್ ಬಚ್ಚಿಟ್ಟಿದೆ ಎಂಬುದು ಅವರು ಜಗತ್ತಿಗೆ ಹೇಳಿದ ಕಾರಣ. ಏಪ್ರಿಲ್ 9ರಂದು ಬಗ್ದಾದ್ ಅವರ ವಶವಾಯಿತು. ಅಸ್ತ್ರಗಳು ಮಾತ್ರ ಸಿಗಲಿಲ್ಲ. ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರೇ 2004ರಲ್ಲಿ ಆ ದಾಳಿಯು ವಿಶ್ವಸಂಸ್ಥೆಯ ಸನ್ನದಿಗೆ ಹೊಂದುವುದಿಲ್ಲವೆಂದೂ ಕಾನೂನುಬಾಹಿರವೆಂದೂ ಬಹಿರಂಗವಾಗಿ ಹೇಳಿದರು.

2003ರ ಡಿಸೆಂಬರ್ 13ರಂದು ತಿಕ್ರೀತ್ ಪಟ್ಟಣದ ಸಮೀಪ ನೆಲದೊಳಗಿನ ಒಂದು ಗುಂಡಿಯಲ್ಲಿ ಸದ್ದಾಮ್ ಸೆರೆಯಾದರು. ಅದಕ್ಕೆ ಮೂರು ದಿನ ಮೊದಲಷ್ಟೇ ಅವರ ಆಡಳಿತದ ಅಪರಾಧಗಳ ವಿಚಾರಣೆಗಾಗಿ ವಿಶೇಷ ನ್ಯಾಯಮಂಡಳಿಯೊಂದು ಸ್ಥಾಪನೆಯಾಗಿತ್ತು. ಹೆಸರಿಗೆ ಅದು ಇರಾಕಿನದೇ ನ್ಯಾಯಮಂಡಳಿ, ನ್ಯಾಯಾಧೀಶರೂ ಇರಾಕಿನವರೇ. ಆದರೆ ಅದು ಹುಟ್ಟಿದ್ದು ವಿದೇಶಿ ಸೇನೆಯ ಆಕ್ರಮಣದ ದಿನಗಳಲ್ಲಿ. ಹಣ, ಸಲಹೆ, ತರಬೇತಿ, ಭದ್ರತೆ ಎಲ್ಲದರಲ್ಲೂ ಅಮೆರಿಕದ ಕೈ ಇತ್ತು. ಮೊಕದ್ದಮೆಯನ್ನು ಅಂತಾರಾಷ್ಟ್ರೀಯ ನ್ಯಾಯಮಂಡಳಿಗಾಗಲಿ, ಇರಾಕಿ ಮತ್ತು ವಿದೇಶಿ ನ್ಯಾಯಾಧೀಶರು ಜೊತೆಗೂಡಿ ಕುಳಿತುಕೊಳ್ಳುವ ಮಿಶ್ರ ನ್ಯಾಯಮಂಡಳಿಗಾಗಲಿ ಒಪ್ಪಿಸಬೇಕೆಂದು ಮಾನವ ಹಕ್ಕುಗಳ ಪ್ರತಿಪಾದಕರು ಸೂಚಿಸಿದ್ದು ಫಲಿಸಲಿಲ್ಲ. ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೂ ಈ ಮೊಕದ್ದಮೆ ಹೋಗುವಂತಿರಲಿಲ್ಲ. ಆ ನ್ಯಾಯಾಲಯದ ಅಧಿಕಾರ 2002ರ ಜುಲೈ 1ರ ನಂತರದ ಅಪರಾಧಗಳಿಗಷ್ಟೇ ಅನ್ವಯಿಸುತ್ತದೆ.

2005ರ ಅಕ್ಟೋಬರ್ 19ರಂದು ವಿಚಾರಣೆ ಆರಂಭವಾಯಿತು. ಮರುದಿನವೇ ಸಹ ಆರೋಪಿಯೊಬ್ಬರ ಪರ ವಕೀಲ ಸಾದೂನ್ ಅಲ್ ಜನಾಬಿಯವರನ್ನು ಅಪಹರಿಸಿ ಕೊಲ್ಲಲಾಯಿತು. ನವೆಂಬರಿನಲ್ಲಿ ಇನ್ನೊಬ್ಬ ವಕೀಲರ ಕೊಲೆಯಾಯಿತು. 2006ರ ಜೂನ್‌ನಲ್ಲಿ ಸದ್ದಾಮರ ವಕೀಲರ ತಂಡದ ಖಮೀಸ್ ಅಲ್ ಉಬೈದಿಯವರ ಕೊಲೆಯಾಯಿತು. ಮೊದಲ ಪ್ರಧಾನ ನ್ಯಾಯಾಧೀಶ ರಿಜ್ಗಾರ್ ಅಮೀನ್ ಆರೋಪಿಗಳ ವಿಷಯದಲ್ಲಿ ಮೆದುವಾಗಿದ್ದಾರೆಂಬ ಟೀಕೆಗೆ ಗುರಿಯಾಗಿ 2006ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಪೀಠ ನಡುವೆಯೇ ಬದಲಾಯಿತು. ನವೆಂಬರ್ 5ರಂದು ಮರಣದಂಡನೆಯ ತೀರ್ಪು ಬಂದಿತು. ಡಿಸೆಂಬರ್ 26ರಂದು ಮೇಲ್ಮನವಿ ತಿರಸ್ಕೃತವಾಯಿತು. ಡಿಸೆಂಬರ್ 30ರ ಮುಂಜಾನೆ, ಇರಾಕಿನ ಸುನ್ನೀ ಮುಸ್ಲಿಮರು ಈದುಲ್ ಅಝ್‌ಹಾದ ನಮಾಜಿಗೆ ಸಿದ್ಧರಾಗುತ್ತಿದ್ದ ಹೊತ್ತಿಗೆ, ಅವರನ್ನು ಗಲ್ಲಿಗೇರಿಸಲಾಯಿತು. ನೇಣಿನ ಕೊರಳುರುಳನ್ನು ತೊಟ್ಟು ನಿಂತ ಮನುಷ್ಯನನ್ನು ಅಲ್ಲಿದ್ದವರು ಹಂಗಿಸಿದ ಮಾತುಗಳು ಗುಟ್ಟಾಗಿ ತೆಗೆದ ಮೊಬೈಲ್ ಚಿತ್ರದ ಮೂಲಕ ಜಗತ್ತಿಗೆಲ್ಲ ಕೇಳಿಸಿದವು.

ವಿಶ್ವಸಂಸ್ಥೆಯ ತಜ್ಞರೂ ಆಮ್ನೆಸ್ಟಿ ಇಂಟರ್‌ನ್ಯಾಷನಲ್, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಗಳೂ ಈ ವಿಚಾರಣೆ ನ್ಯಾಯಯುತವಾಗಿ ನಡೆಯಲಿಲ್ಲವೆಂದು ಹೇಳಿದವು. ಸದ್ದಾಮರ ಆಡಳಿತ ನಡೆಸಿದ ದೌರ್ಜನ್ಯಗಳನ್ನು ವರ್ಷಗಟ್ಟಲೆ ದಾಖಲಿಸಿದ್ದೂ ಇವೇ ಸಂಸ್ಥೆಗಳು ಎಂಬುದನ್ನು ಓದುಗರು ಗಮನಿಸಬೇಕು. ಗಲ್ಲುಶಿಕ್ಷೆ ಜಾರಿಯಾದುದಕ್ಕೆ ಭಾರತ ಸರಕಾರವೂ ಅಂದಿನ ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿಯವರ ಮೂಲಕ ನಿರಾಶೆ ವ್ಯಕ್ತಪಡಿಸಿತು. ಆದ್ದರಿಂದ ಆ ವಿಚಾರಣೆಯನ್ನು ಪ್ರತಿಭಟಿಸಿದ್ದು ಕೇವಲ ಮುಸ್ಲಿಮರ ಭಾವಾವೇಶವೆಂಬ ಮಾತು ಚರಿತ್ರೆಗೆ ಒಪ್ಪುವುದಿಲ್ಲ.

ಕಟಕಟೆಯ ಹಿಂದಿನ ಗೋರಿಗಳು

ಆ ಮೊಕದ್ದಮೆಗೆ ಇನ್ನೊಂದು ಮುಖವಿದೆ. ಅದನ್ನು ಹೇಳದೆ ಮುಂದೆ ಹೋಗುವುದು ಸತ್ಯಕ್ಕೆ ಸಲ್ಲದು.

1982ರ ಜುಲೈ 8ರಂದು ದುಜೈಲ್ ಎಂಬ ಊರಿನಲ್ಲಿ ಸದ್ದಾಮರ ವಾಹನಗಳ ಸಾಲಿನ ಮೇಲೆ ಗುಂಡಿನ ದಾಳಿ ನಡೆಯಿತು. ಅವರು ಪಾರಾದರು. ಅನಂತರ ಇಡೀ ಊರು ಬೆಲೆ ತೆರಬೇಕಾಯಿತು. ನೂರಾರು ಮಂದಿ ಬಂಧಿತರಾದರು, ತೋಟಗಳು ನೆಲಸಮವಾದವು, 148 ಮಂದಿ ಪುರುಷರು ಮತ್ತು ಬಾಲಕರು ಪ್ರಾಣ ಕಳೆದುಕೊಂಡರು. ಅವರಿಗೆ ಮರಣದಂಡನೆ ವಿಧಿಸಿದ್ದು ಸದ್ದಾಮರದೇ ಕ್ರಾಂತಿಕಾರಿ ನ್ಯಾಯಾಲಯ. ಅಲ್ಲಿ ಆರೋಪಿಗಳಿಗೆ ತಮ್ಮ ಮಾತು ಹೇಳುವ ನಿಜವಾದ ಅವಕಾಶವೇ ಇರಲಿಲ್ಲ.

1988ರ ಮಾರ್ಚ್ 16ರಂದು ಕುರ್ದರ ಹಲಬ್ಜಾ ಪಟ್ಟಣದ ಮೇಲೆ ಇರಾಕಿನ ವಿಮಾನಗಳು ವಿಷಾನಿಲ ಸುರಿದವು. ಸುಮಾರು 5,000 ಮಂದಿ ಸತ್ತರೆಂದು ಅಂದಾಜು. ಮಗುವನ್ನು ಎದೆಗವಚಿಕೊಂಡೇ ಬೀದಿಯಲ್ಲಿ ಸತ್ತುಬಿದ್ದವರ ಚಿತ್ರಗಳು ಇಂದಿಗೂ ಉಳಿದಿವೆ. ಅದೇ ವರ್ಷ ಕುರ್ದರ ಹಳ್ಳಿಗಳ ಮೇಲೆ ನಡೆದ ಕಾರ್ಯಾಚರಣೆಯಲ್ಲಿ ಹತರಾದವರ ಸಂಖ್ಯೆ ಹತ್ತಾರು ಸಾವಿರ. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರಾದ 'ಅನ್ಫಾಲ್' ಎಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ. ಸತ್ತವರೂ ಕಲಿಮ ಹೇಳುವವರೇ. ಅವರ ಊರುಗಳಲ್ಲೂ ನಮ್ಮ ಊರುಗಳಂತೆ ಮಸೀದಿಗಳಿದ್ದವು, ಮದ್ರಸಗಳಿದ್ದವು, ಹಬ್ಬಕ್ಕೆ ಹೊಸ ಬಟ್ಟೆ ಕೇಳುವ ಮಕ್ಕಳಿದ್ದರು.

ಅನ್ಫಾಲ್ ಮೊಕದ್ದಮೆ 2006ರ ಆಗಸ್ಟ್ 21ರಂದು ಆರಂಭವಾಗಿತ್ತು. ಅದು ಮುಗಿಯುವ ಮೊದಲೇ ದುಜೈಲ್ ತೀರ್ಪಿನಂತೆ ಸದ್ದಾಮರನ್ನು ಗಲ್ಲಿಗೇರಿಸಿದ್ದರಿಂದ ಅವರ ಮೇಲಿನ ಅನ್ಫಾಲ್ ಆರೋಪಗಳು ಅಲ್ಲಿಗೇ ಮುಗಿದುಹೋದವು. ಹತ್ತಾರು ಸಾವಿರ ಕುರ್ದ್ ಕುಟುಂಬಗಳಿಗೆ ಪ್ರಧಾನ ಆರೋಪಿಯ ಬಾಯಿಂದ ಒಂದು ಉತ್ತರವನ್ನು ಕೇಳುವ ಅವಕಾಶ ಶಾಶ್ವತವಾಗಿ ತಪ್ಪಿತು. ಸದ್ದಾಮರ ದಾಯಾದಿ ಅಲೀ ಹಸನ್ ಅಲ್ ಮಜೀದನಿಗೆ ಶಿಕ್ಷೆಯಾಗಿ 2010ರ ಜನವರಿಯಲ್ಲಿ ಗಲ್ಲಾಯಿತು. ಆದರೆ ಆದೇಶ ಎಲ್ಲಿಂದ ಹೊರಟಿತು, ಹೇಗೆ ಹೊರಟಿತು ಎಂಬುದನ್ನು ಹೇಳಬೇಕಾದವರು ಮಣ್ಣಿನಡಿ ಸೇರಿದ್ದರು.

ಈ ಆತುರದಿಂದ ಲಾಭವಾದದ್ದು ಯಾರಿಗೆ? 1980ರಿಂದ 1988ರವರೆಗೆ ನಡೆದ ಇರಾನ್ ಇರಾಕ್ ಯುದ್ಧದಲ್ಲಿ ಪಶ್ಚಿಮದ ಹಲವು ಸರಕಾರಗಳು ಸದ್ದಾಮರ ಬೆನ್ನಿಗಿದ್ದವು. 2003ರಲ್ಲಿ ಅಮೆರಿಕದ ರಕ್ಷಣಾ ಸಚಿವರಾಗಿ ದಾಳಿಯನ್ನು ನಡೆಸಿದ ಡೊನಾಲ್ಡ್ ರಮ್ಸ್‌ಫೆಲ್ಡ್ 1983ರ ಡಿಸೆಂಬರಿನಲ್ಲಿ ಅಮೆರಿಕ ಅಧ್ಯಕ್ಷರ ವಿಶೇಷ ಪ್ರತಿನಿಧಿಯಾಗಿ ಬಗ್ದಾದಿಗೆ ಬಂದು ಅದೇ ಸದ್ದಾಮರ ಕೈಕುಲುಕಿದ್ದರು. ವಿಷಾನಿಲದ ಕಚ್ಚಾ ರಾಸಾಯನಿಕಗಳನ್ನು ಇರಾಕಿಗೆ ಮಾರಿದ ಫ್ರಾನ್ಸ್ ವಾನ್ ಆನ್ರಾಟ್ ಎಂಬ ಡಚ್ ವ್ಯಾಪಾರಿಗೆ 2005ರಲ್ಲಿ ಹೇಗ್‌ನ ನ್ಯಾಯಾಲಯ ಸೆರೆವಾಸ ವಿಧಿಸಿತು. ಅನ್ಫಾಲ್ ವಿಚಾರಣೆಯನ್ನು ಸದ್ದಾಮ್ ಬದುಕಿರುವಾಗ ಪೂರ್ಣಗೊಳಿಸಿದ್ದರೆ ಇಂತಹ ಇನ್ನೆಷ್ಟು ಹೆಸರುಗಳು ಹೊರಬರುತ್ತಿದ್ದವೋ! ಹೀಗಾಗಿ ಆ ನೇಣನ್ನು ವಿರೋಧಿಸಲು ಸದ್ದಾಮರು ನಿರಪರಾಧಿಯೆಂದು ನಂಬಬೇಕಾದ ಅಗತ್ಯವಿಲ್ಲ. ಅವರಿಂದ ಹತರಾದವರ ಪರವಾಗಿಯೇ ಆ ವಿರೋಧವನ್ನು ಮಾಡಬಹುದಾಗಿತ್ತು.

ಬೆಂಗಳೂರಿನ ಮೂರು ದಿನಗಳು

2007ರ ಜನವರಿ 19, ಶುಕ್ರವಾರ. ಮಾಜಿ ಕೇಂದ್ರ ಸಚಿವ ಸಿ.ಕೆ. ಜಾಫರ್ ಷರೀಫ್ ಅವರ ಮುಂದಾಳತ್ವದಲ್ಲಿ ಸದ್ದಾಮರ ಗಲ್ಲನ್ನು ಖಂಡಿಸಿ ಬೆಂಗಳೂರಿನಲ್ಲಿ ಮೆರವಣಿಗೆ ಮತ್ತು ಸಭೆ ಏರ್ಪಾಡಾಗಿತ್ತು. ಸಾವಿರಾರು ಜನ ಸೇರಿದರು. ಬಂದವರಲ್ಲಿ ಬಹುಮಂದಿ ಶಾಂತವಾಗಿ ಬಂದವರೇ. ಆದರೆ ಗುಂಪಿನಲ್ಲಿದ್ದ ಕೆಲವರು ಶಿವಾಜಿನಗರ ಮತ್ತು ಅದರ ಆಸುಪಾಸಿನಲ್ಲಿ ಅಂಗಡಿಗಳಿಗೂ ವಾಹನಗಳಿಗೂ ಕಲ್ಲು ತೂರಿದರು. ಬಗ್ದಾದಿನ ನ್ಯಾಯಮಂಡಳಿಗೂ ಆ ಅಂಗಡಿಯವರಿಗೂ ಏನು ಸಂಬಂಧ? ಸಾಲ ಮಾಡಿ ಅಂಗಡಿ ಇಟ್ಟವನ ಗಾಜು ಒಡೆದರೆ ಯಾವ ಮರ್ದಿತನ ಕಣ್ಣೀರು ಒರೆಸಿದಂತಾಯಿತು?

ಎರಡು ದಿನಗಳ ನಂತರ, ಜನವರಿ 21ರ ಭಾನುವಾರ, ನಗರದಲ್ಲಿ ವಿರಾಟ್ ಹಿಂದೂ ಸಮಾಜೋತ್ಸವವಿತ್ತು. ಶುಕ್ರವಾರದ ಕಾವು ಇನ್ನೂ ಆರಿರಲಿಲ್ಲ. ಘರ್ಷಣೆಗಳಾದವು, ಬೆಂಕಿ ಬಿತ್ತು, ಪೊಲೀಸರು ಗುಂಡು ಹಾರಿಸಿದರು. ಒಬ್ಬ ಬಾಲಕ ಪ್ರಾಣ ಕಳೆದುಕೊಂಡ. ನಗರದ ಪೂರ್ವ ಭಾಗದ ಹಲವೆಡೆ ಕರ್ಫ್ಯೂ ಜಾರಿಯಾಯಿತು. ಇರಾಕ್ ಎಲ್ಲಿದೆಯೆಂದು ಭೂಪಟದಲ್ಲಿ ತೋರಿಸಲೂ ಬಾರದ ವಯಸ್ಸಿನ ಒಂದು ಮಗುವಿನ ಜನಾಜ ಬೆಂಗಳೂರಿನ ಒಂದು ಮನೆಯಿಂದ ಹೊರಟಿತು. ಮೂರು ದಿನಗಳ ನಂತರ ಪತ್ರಿಕೆಗಳಲ್ಲಿ ಬಗ್ದಾದಿನ ವಿಚಾರಣೆಯ ಲೋಪಗಳ ಕುರಿತು ಒಂದು ಸಾಲೂ ಉಳಿದಿರಲಿಲ್ಲ. ಎಲ್ಲರೂ ಮಾತಾಡಿದ್ದು ಗಲಭೆಯ ಬಗ್ಗೆ.

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿರುವ ಹಂಪಾಪುರದಂತಹ ಊರುಗಳಲ್ಲಿ ಕುಳಿತು ಈ ಚರಿತ್ರೆಯನ್ನು ಓದುವ ನಮಗೆ ಅದರ ಪಾಠ ಇನ್ನೂ ಹತ್ತಿರದ್ದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಸೀಮೆಗಳಲ್ಲಿ ನಮ್ಮ ಮನೆಗಳು ನೆರೆಯವರ ಮನೆಗಳಿಗೆ ಅಂಟಿಕೊಂಡಿವೆ. ಸಂತೆಯ ದಿನ ಒಬ್ಬರ ತಕ್ಕಡಿಯ ಪಕ್ಕದಲ್ಲೇ ಇನ್ನೊಬ್ಬರ ತಕ್ಕಡಿ. ರಾಜಧಾನಿಯಲ್ಲಿ ಎಸೆದ ಕಲ್ಲಿನ ಸದ್ದು ಹಳ್ಳಿಯ ಈ ನೆರೆಹೊರೆಗೂ ಕೇಳಿಸುತ್ತದೆ. ಯಾರೋ ಎಲ್ಲೋ ಮಾಡಿದ್ದಕ್ಕೆ ಇಲ್ಲಿನ ಬಡ ವ್ಯಾಪಾರಿ ಉತ್ತರ ಹೇಳಬೇಕಾಗುತ್ತದೆ.

ನಮ್ಮ ನಾಡಿನ ಹಳೆಯ ಕಟಕಟೆಗಳು

ಗೆದ್ದವರು ಸೋತವರಿಗೆ ನ್ಯಾಯ ಹೇಳುವ ರೀತಿಯನ್ನು ಭಾರತೀಯರಾದ ನಾವು ಸದ್ದಾಮರಿಗಿಂತ ಬಹಳ ಮೊದಲೇ ಕಂಡಿದ್ದೇವೆ.

1857ರ ಸೆಪ್ಟೆಂಬರ್ 21ರಂದು ಕೊನೆಯ ಮೊಗಲ್ ದೊರೆ ಬಹಾದ್ದೂರ್ ಷಾ ಜಫರ್ ದಿಲ್ಲಿಯ ಹುಮಾಯೂನ್ ಗೋರಿಯ ಬಳಿ, ಪ್ರಾಣಕ್ಕೆ ಅಪಾಯವಿಲ್ಲವೆಂಬ ಮಾತನ್ನು ನಂಬಿ, ಮೇಜರ್ ಹಾಡ್ಸನ್ನನಿಗೆ ಶರಣಾದರು. ಮರುದಿನ ಅವರ ಇಬ್ಬರು ಪುತ್ರರನ್ನೂ ಒಬ್ಬ ಮೊಮ್ಮಗನನ್ನೂ ಅದೇ ಹಾಡ್ಸನ್ ಯಾವ ವಿಚಾರಣೆಯೂ ಇಲ್ಲದೆ ಗುಂಡಿಟ್ಟು ಕೊಂದ. 1858ರ ಜನವರಿ 27ರಿಂದ ಮಾರ್ಚ್ 9ರವರೆಗೆ ಕೆಂಪುಕೋಟೆಯಲ್ಲಿ, ಅವರ ಸ್ವಂತ ಅರಮನೆಯಲ್ಲೇ, ಇಂಗ್ಲಿಷ್ ಸೇನಾಧಿಕಾರಿಗಳ ಆಯೋಗವು ಎಂಬತ್ತು ದಾಟಿದ ಆ ವೃದ್ಧರ ವಿಚಾರಣೆ ನಡೆಸಿತು. ಆರೋಪ ರಾಜದ್ರೋಹ. ಯಾರ ರಾಜನಿಗೆ ಯಾರು ಮಾಡಿದ ದ್ರೋಹ? 1765ರಲ್ಲಿ ಬಂಗಾಳದ ದಿವಾನಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಫರ್ಮಾನಿನ ಮೂಲಕ ಕೊಟ್ಟಿದ್ದು ಇದೇ ಮೊಗಲ್ ವಂಶದ ಷಾ ಆಲಮ್. ಕಾಗದದ ಮೇಲೆ ಕಂಪನಿಯೇ ದೊರೆಯ ಸೇವಕ. ಸೇವಕನೇ ನ್ಯಾಯಪೀಠವೇರಿ ದೊರೆಯನ್ನು ದ್ರೋಹಿಯೆಂದು ಕರೆದ ವಿಚಾರಣೆಯದು. ಜಫರ್ ಅವರನ್ನು ರಂಗೂನಿಗೆ ಗಡೀಪಾರು ಮಾಡಲಾಯಿತು. 1862ರ ನವೆಂಬರ್ 7ರಂದು ಅಲ್ಲಿಯೇ ಅವರು ತೀರಿಕೊಂಡರು.

ನಮ್ಮ ಮೈಸೂರು ಸೀಮೆಯಲ್ಲಿ ಇಷ್ಟೂ ನಡೆಯಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದ ಮೇಲೆ ಅವರ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿರಿಸಿದರು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಬಳಿಕ, ಯಾವ ನ್ಯಾಯಾಲಯದಲ್ಲೂ ಅಪರಾಧ ಸಾಬೀತಾಗದೆಯೇ, ಆ ಕುಟುಂಬವನ್ನು ದೂರದ ಕಲ್ಕತ್ತೆಗೆ ಸಾಗಿಸಲಾಯಿತು.

ಮೂರನೆಯ ಕೃಷ್ಣರಾಜ ಒಡೆಯರ ಪ್ರಸಂಗ ಇನ್ನೂ ಬೋಧಪ್ರದವಾದುದು. ನಗರ ಸೀಮೆಯ ರೈತರ ದಂಗೆಯನ್ನೂ ಆಡಳಿತದ ಲೋಪಗಳನ್ನೂ ಮುಂದೊಡ್ಡಿ 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅವರಿಂದ ರಾಜ್ಯಾಡಳಿತವನ್ನು ಕಿತ್ತುಕೊಂಡ. ದಂಗೆಯ ಕಾರಣಗಳನ್ನು ತಿಳಿಯಲು ತನಿಖಾ ಸಮಿತಿ ನೇಮಿಸಿದ್ದು ಅನಂತರ. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ! 1833ರಲ್ಲಿ ಸಮಿತಿಯ ವರದಿ ಬಂದಾಗ, ಆಡಳಿತದಲ್ಲಿ ದೋಷಗಳಿದ್ದರೂ ದೊರೆಯ ಮೇಲೆ ಹೊರಿಸಿದ್ದೆಲ್ಲವೂ ನಿಜವಲ್ಲವೆಂದು ಕಂಡುಬಂದಿತು. ಬೆಂಟಿಂಕನೇ ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸುವ ಪ್ರಸ್ತಾವವನ್ನಿಟ್ಟ. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ.

ಆ ದೊರೆ ಏನು ಮಾಡಿದರು? ಮೂರು ದಶಕಗಳಿಗೂ ಮೀರಿ ಮನವಿಯ ಮೇಲೆ ಮನವಿ ಬರೆದರು. ಒಪ್ಪಂದದ ಷರತ್ತುಗಳನ್ನು ಎತ್ತಿ ತೋರಿಸಿದರು, ಲಂಡನ್ನಿನವರೆಗೆ ಅಹವಾಲು ಮುಟ್ಟಿಸಿದರು. 1865ರಲ್ಲಿ ದತ್ತುಪುತ್ರನನ್ನು ಸ್ವೀಕರಿಸಿ ವಂಶದ ಹಕ್ಕನ್ನು ಜೀವಂತವಾಗಿಟ್ಟರು. 1867ರಲ್ಲಿ ಬ್ರಿಟಿಷ್ ಸರಕಾರ ಆ ದತ್ತುಪುತ್ರನಿಗೆ ರಾಜ್ಯವನ್ನು ಮರಳಿಸಲು ಒಪ್ಪಿತು. ಮರುವರ್ಷ ದೊರೆ ತೀರಿಕೊಂಡರು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಮೈಸೂರು ಮರಳಿತು. ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ, ಆದರೆ ಅವರ ಮನವಿಗಳ ಪ್ರತಿಯೊಂದು ಸಾಲೂ ಎದುರಾಳಿಯ ಕಡತದಲ್ಲೇ ಸಾಕ್ಷಿಯಾಗಿ ಉಳಿಯಿತು.

ಅಪರಾಧವನ್ನು ಮರೆಮಾಚದ ಭಿನ್ನಮತ

ಅಂತಾರಾಷ್ಟ್ರೀಯ ವಿಚಾರಣೆಯನ್ನು ಪ್ರತಿಭಟಿಸುವ ಬಗೆಯನ್ನು ನ್ಯಾಯಪೀಠದ ಮೇಲೆಯೇ ಕುಳಿತು ತೋರಿಸಿಕೊಟ್ಟ ಭಾರತೀಯರೊಬ್ಬರಿದ್ದಾರೆ. ಎರಡನೆಯ ಮಹಾಯುದ್ಧದ ನಂತರ ಜಪಾನಿನ ನಾಯಕರ ವಿಚಾರಣೆಗಾಗಿ ಟೋಕಿಯೋದಲ್ಲಿ 1946ರ ಮೇ 3ರಂದು ಅಂತಾರಾಷ್ಟ್ರೀಯ ಸೇನಾ ನ್ಯಾಯಮಂಡಳಿ ಕುಳಿತಿತು. ಹನ್ನೊಂದು ದೇಶಗಳ ಹನ್ನೊಂದು ನ್ಯಾಯಾಧೀಶರು. 1948ರ ನವೆಂಬರಿನ ತೀರ್ಪಿನಲ್ಲಿ 25 ಆರೋಪಿಗಳೂ ತಪ್ಪಿತಸ್ಥರೆನಿಸಿದರು. ಮಾಜಿ ಪ್ರಧಾನಿ ತೋಜೋ ಸೇರಿದಂತೆ ಏಳು ಮಂದಿಯನ್ನು ಗಲ್ಲಿಗೇರಿಸಲಾಯಿತು. ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಮಾತ್ರ ಸಾವಿರ ಪುಟಗಳಿಗೂ ಮೀರಿದ ಭಿನ್ನ ತೀರ್ಪು ಬರೆದು ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಬೇಕೆಂದರು. ಕೃತ್ಯ ನಡೆದ ಮೇಲೆ ಕಾನೂನು ಮಾಡಿ ಶಿಕ್ಷಿಸುವುದು ನ್ಯಾಯವಲ್ಲ, ಗೆದ್ದವರ ಕೃತ್ಯಗಳನ್ನು ವಿಚಾರಿಸದ ಪೀಠ ನಿಷ್ಪಕ್ಷಪಾತವಲ್ಲ ಎಂಬುದು ಅವರ ವಾದದ ತಿರುಳು. ಹಿರೋಷಿಮಾದ ಮೇಲೆ ಬಾಂಬು ಹಾಕಿದವರನ್ನು ಯಾರೂ ಕಟಕಟೆಗೆ ಕರೆದಿರಲಿಲ್ಲ.

ಆದರೆ ಪಾಲ್ ಅವರು ಜಪಾನಿ ಸೈನಿಕರು ನಾನ್‌ಜಿಂಗ್ ಮೊದಲಾದೆಡೆ ಎಸಗಿದ ಕ್ರೌರ್ಯ ಸುಳ್ಳೆಂದು ಹೇಳಲಿಲ್ಲ. ಅವಕ್ಕೆ ಬಲವಾದ ಪುರಾವೆಯಿದೆಯೆಂದು ಒಪ್ಪಿಕೊಂಡೇ ತಮ್ಮ ಆಕ್ಷೇಪವನ್ನು ದಾಖಲಿಸಿದರು. ಅವರ ಕಾನೂನಿನ ನಿಲುವನ್ನು ಒಪ್ಪದವರು ಇಂದಿಗೂ ಇದ್ದಾರೆ. ಆದರೂ ಆ ತೀರ್ಪು ಇಂದಿಗೂ ಚರ್ಚೆಯಲ್ಲಿರುವುದಕ್ಕೆ ಅವರ ಈ ಪ್ರಾಮಾಣಿಕತೆಯೂ ಒಂದು ಕಾರಣ.

ತಕ್ಕಡಿ ಎರಡಾಗಬಾರದು

ಇನ್ನೊಂದು ಕಡೆಯಿಂದಲೂ ಈ ವಿಷಯವನ್ನು ಪರೀಕ್ಷಿಸೋಣ. 2000ದ ಅಕ್ಟೋಬರಿನಲ್ಲಿ ಅಧಿಕಾರ ಕಳೆದುಕೊಂಡ ಯುಗೊಸ್ಲಾವಿಯದ ಅಧ್ಯಕ್ಷ ಸ್ಲೊಬೊದಾನ್ ಮಿಲೊಸೆವಿಚ್‌ನನ್ನು 2001ರ ಜೂನ್ 28ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಮಂಡಳಿಗೆ ಒಪ್ಪಿಸಲಾಯಿತು. ಬೋಸ್ನಿಯದ ಮುಸ್ಲಿಮರ ವಿರುದ್ಧದ ಜನಾಂಗಹತ್ಯೆಯ ಆರೋಪವೂ ಅವನ ಮೇಲಿತ್ತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಪುರುಷರು ಮತ್ತು ಬಾಲಕರನ್ನು ಸಾಲುಸಾಲಾಗಿ ನಿಲ್ಲಿಸಿ ಕೊಂದ ಘಟನೆ ನಮಗೆಲ್ಲ ಗೊತ್ತಿರುವುದೇ. ಮಿಲೊಸೆವಿಚ್ ಆ ನ್ಯಾಯಮಂಡಳಿಯೇ ಅಕ್ರಮವೆಂದ. ಬೆಲ್‌ಗ್ರೇಡಿನಲ್ಲಿ ಅವನ ಬೆಂಬಲಿಗರು ಬೀದಿಗಿಳಿದು ಇದು ಗೆದ್ದವರ ನ್ಯಾಯವೆಂದು ಕೂಗಿದರು. 2006ರ ಮಾರ್ಚ್ 11ರಂದು, ತೀರ್ಪಿಗೆ ಮೊದಲೇ, ಅವನು ಸೆರೆಮನೆಯಲ್ಲಿ ಸತ್ತ. ಸ್ರೆಬ್ರೆನಿತ್ಸಾದ ತಾಯಂದಿರಿಗೆ ಅವನ ಮೇಲಿನ ತೀರ್ಪು ಸಿಗದೇ ಹೋಯಿತು.

ಬೆಲ್‌ಗ್ರೇಡಿನ ಆ ಕೂಗನ್ನು ಕೇಳಿದಾಗ ಜಗತ್ತಿನ ಮುಸ್ಲಿಮರಿಗೆ ಏನೆನಿಸಿತು? ಸತ್ತವರ ಹೆಸರನ್ನೇ ಎತ್ತದ ಈ ಪ್ರತಿಭಟನೆ ಎಂತಹ ಪ್ರತಿಭಟನೆ ಎಂದೆನಿಸಿತು. ಹಲಬ್ಜಾದ ತಾಯಿಗೂ ಬೆಂಗಳೂರಿನ ಘೋಷಣೆಗಳು ಕೇಳಿಸಿದ್ದರೆ ಹಾಗೆಯೇ ಅನಿಸುತ್ತಿತ್ತಲ್ಲವೇ? ಸ್ರೆಬ್ರೆನಿತ್ಸಾಕ್ಕೆ ಒಂದು ತಕ್ಕಡಿ, ಹಲಬ್ಜಾಕ್ಕೆ ಇನ್ನೊಂದು ತಕ್ಕಡಿ ಇಡುವುದು ಸತ್ಯವಿಶ್ವಾಸಿಯ ಲಕ್ಷಣವಲ್ಲ.

ಸೂರಃ ಅನ್ನಿಸಾದ 105ನೆಯ ಸೂಕ್ತ ಮತ್ತು ಅದರ ಮುಂದಿನ ಸೂಕ್ತಗಳ ಹಿನ್ನೆಲೆಯನ್ನು ತಫ್ಸೀರ್ ಗ್ರಂಥಗಳು ಹೀಗೆ ವಿವರಿಸುತ್ತವೆ: ಮದೀನಾದಲ್ಲಿ ಮುಸ್ಲಿಮರ ಒಂದು ಮನೆತನದ ವ್ಯಕ್ತಿ ಕವಚವೊಂದನ್ನು ಕದ್ದು ಅದರ ಆರೋಪ ಒಬ್ಬ ಯಹೂದಿಯ ಮೇಲೆ ಬರುವಂತೆ ಮಾಡಿದ. ಅವನ ಮನೆತನದವರು ಗುಂಪು ಕಟ್ಟಿಕೊಂಡು ಪ್ರವಾದಿಯವರ(ಸ) ಬಳಿ ಬಂದು ತಮ್ಮವನ ಪರ ವಾದಿಸಿದರು. ಆಗ ಅವತೀರ್ಣವಾದ ಸೂಕ್ತಗಳು ವಂಚಕರ ಪರವಾಗಿ ವಾದಿಸುವುದನ್ನು ನಿಷೇಧಿಸಿ, ಮುಸ್ಲಿಮೇತರನಾದ ಆ ನಿರಪರಾಧಿಯನ್ನು ದೋಷಮುಕ್ತಗೊಳಿಸಿದವು. ತಮ್ಮವನೆಂಬ ಒಂದೇ ಕಾರಣಕ್ಕೆ ಒಬ್ಬನ ಪರ ನಿಲ್ಲುವ ದಾರಿಯನ್ನು ಅಲ್ಲಾಹನು ಅಂದೇ ಮುಚ್ಚಿದ್ದಾನೆ. ಒಂದು ಜನರ ಮೇಲಿನ ಹಗೆ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂಬ ಆದೇಶವೂ ಅದೇ ಕುರ್‌ಆನಿನಲ್ಲಿದೆ. ಮೊದಲನೆಯದು ಸದ್ದಾಮರ ಅಭಿಮಾನಿಗಳಿಗೆ ಪಾಠ, ಎರಡನೆಯದು ಅವರನ್ನು ನೇಣಿಗೇರಿಸಿದವರಿಗೆ.

ಅಕ್ರಮಿಯಾದ ಸಹೋದರನಿಗೂ ನೆರವಾಗಬೇಕೆಂದು ಪ್ರವಾದಿಯವರು(ಸ) ಹೇಳಿದಾಗ ಸಹಾಬಿಗಳು ಬೆರಗಾಗಿ ಅದು ಹೇಗೆಂದು ಕೇಳಿದರು. ಅವನ ಕೈಯನ್ನು ಅಕ್ರಮದಿಂದ ತಡೆಯುವುದೇ ಅವನಿಗೆ ಮಾಡುವ ನೆರವೆಂದು ಪ್ರವಾದಿಯವರು(ಸ) ವಿವರಿಸಿದರು. ಸದ್ದಾಮರು ಅಧಿಕಾರದಲ್ಲಿದ್ದ ಕಾಲದಲ್ಲಿ, ಹಲಬ್ಜಾದ ದಿನಗಳಲ್ಲಿ, ಈ ನೆರವನ್ನು ಅವರಿಗೆ ನೀಡಿದ ಮುಸ್ಲಿಮ್ ದೇಶಗಳೆಷ್ಟು? ಅಂದು ಮೌನವಾಗಿದ್ದವರ ಬಾಯಿಯಿಂದ ನೇಣಿನ ದಿನ ಹೊರಟ ಶೋಕಕ್ಕೆ ಎಷ್ಟು ಬೆಲೆ?

ಪ್ರತಿಭಟನೆಯ ಮರ್ಯಾದೆ

ನಮ್ಮ ಹಳ್ಳಿಗಳ ಹಿರಿಯರಿಗೆ ಅಂತಾರಾಷ್ಟ್ರೀಯ ಕಾನೂನು ಗೊತ್ತಿಲ್ಲದಿರಬಹುದು. ಆದರೆ ಬದುವಿನ ಜಗಳದಲ್ಲಿ ಕಕ್ಷಿದಾರನೇ ಪಂಚನಾಗಿ ಅರಳಿಕಟ್ಟೆಯ ಮೇಲೆ ಕುಳಿತರೆ ಅದು ಪಂಚಾಯಿತಿಯಲ್ಲವೆಂದು ಅವರು ಕೂಡಲೇ ಹೇಳಬಲ್ಲರು. ಹಾಗೆ ಕುಳಿತ ಪಂಚನನ್ನು ಎಬ್ಬಿಸಬೇಕೆಂದು ಹೇಳುವಾಗಲೇ, ಬದು ಒತ್ತಿದವನು ಒತ್ತಿದ್ದು ನಿಜವೆಂಬುದನ್ನೂ ಅವರು ಮುಚ್ಚಿಡುವುದಿಲ್ಲ. ಪಂಚ ಸರಿಯಿಲ್ಲದಿದ್ದ ಮಾತ್ರಕ್ಕೆ ಬದು ಸರಿಯಾಗುವುದಿಲ್ಲ. ಈ ಹಳ್ಳಿಯ ವಿವೇಕವೇ ನಮಗೆ ಸಾಕು.

ಆದ್ದರಿಂದ ಮುಂದೆಯೂ ಯಾವುದೇ ದೇಶದ ಪದಚ್ಯುತ ನಾಯಕನ ವಿಚಾರಣೆ ಅನ್ಯಾಯವೆಂದು ಕಂಡಾಗ ನಾವು ದನಿಯೆತ್ತಬೇಕು. ವಕೀಲರ ಕೊಲೆಯನ್ನು, ಒತ್ತಡಕ್ಕೆ ಸಿಕ್ಕಿ ಬದಲಾಗುವ ನ್ಯಾಯಾಧೀಶರನ್ನು, ಆತುರದ ನೇಣನ್ನು ಪ್ರಶ್ನಿಸಬೇಕು. ನಮ್ಮ ಸಂವಿಧಾನ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಕೊಟ್ಟಿದೆ. ಮನವಿ ಪತ್ರಗಳಿವೆ, ಪತ್ರಿಕೆಗಳಿವೆ, ಜುಮಾದ ಮಿಂಬರ್ ಇದೆ. ಆದರೆ ಆ ಸಭೆಯ ಫಲಕಗಳ ಮೇಲೆ ಆರೋಪಿಯ ಭಾವಚಿತ್ರವನ್ನು ಹಿಡಿಯುವ ಮೊದಲು ಅವನಿಂದ ಸತ್ತವರ ಹೆಸರುಗಳನ್ನು ಬರೆಯೋಣ. ದುಜೈಲಿನ 148 ಮಂದಿಯನ್ನು ಸ್ಮರಿಸಿಕೊಂಡು, ಅದೇ ಉಸಿರಿನಲ್ಲಿ ಬಗ್ದಾದಿನ ನ್ಯಾಯಮಂಡಳಿಯನ್ನು ಖಂಡಿಸುವವನ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ. ಮೆರವಣಿಗೆ ಹೊರಡಿಸುವವರು ಕಲ್ಲು ಎತ್ತುವ ಕೈಯನ್ನು ಹಿಡಿದು ನಿಲ್ಲಿಸುವ ಸ್ವಯಂಸೇವಕರನ್ನೂ ಸಿದ್ಧಪಡಿಸಿರಬೇಕು. ಅಷ್ಟು ಸಿದ್ಧತೆ ಇಲ್ಲದ ಮೆರವಣಿಗೆ ಹೊರಡದಿರುವುದೇ ಲೇಸು.

ಮಕ್ಕಳು ಕೇಳುವ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಸದ್ದಾಮರು ಅಕ್ರಮವೆಸಗಿದರು, ಅವರಿಗೂ ಅಕ್ರಮವಾಯಿತು. ಎರಡೂ ನಿಜ. ಹಲಬ್ಜಾದ ಮಕ್ಕಳಿಗೂ, ಕೊಲೆಯಾದ ವಕೀಲರಿಗೂ, ಬೆಂಗಳೂರಿನ ಆ ಬಾಲಕನಿಗೂ ಈ ಲೋಕದ ಯಾವ ನ್ಯಾಯಪೀಠದಿಂದಲೂ ಸಿಗದ ನ್ಯಾಯ, ಅಣುವಿನಷ್ಟೂ ವ್ಯತ್ಯಾಸವಾಗದ ತಕ್ಕಡಿಯುಳ್ಳ ಒಡೆಯನ ಬಳಿ ಸಿಗುವುದೆಂಬ ನಂಬಿಕೆ ನಮ್ಮದು. ಆ ತಕ್ಕಡಿಯ ಮುಂದೆ ನಾವೂ ಒಂದು ದಿನ ನಿಲ್ಲಬೇಕಾಗಿದೆ, ನಮ್ಮ ಘೋಷಣೆಗಳೂ ಅಲ್ಲಿ ತೂಗಲ್ಪಡುತ್ತವೆ. ನಮ್ಮವರೆಂದು ಅಕ್ರಮವನ್ನು ಮುಚ್ಚಿಡದ, ಪರರೆಂದು ನ್ಯಾಯವನ್ನು ನಿರಾಕರಿಸದ ಮನಸ್ಸನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.